*ಆಡಿನ ಹಾಲು, ಡೆಂಗ್ಯೂ ಮತ್ತು "ಟೆಸ್ಟ್ ಆಗಿದೆ" ಅನ್ನುವ ಮಾತು*



ಮಳೆಗಾಲ ಮುಗಿಯುವ ಹೊತ್ತಿಗೆ ದಿಲ್ಲಿಯಲ್ಲಿ ಡೆಂಗ್ಯೂ ಕಾಲ ಶುರು. ಕರೋಲ್ ಬಾಗ್‌ನ ನಮ್ಮವರ ಮನೆಗಳಲ್ಲಿ ಯಾರಿಗಾದರೂ ಜ್ವರ ಬಂದರೆ ಅಕ್ಕಪಕ್ಕದವರ ಸಲಹೆ ಒಂದೇ: "ಆಡಿನ ಹಾಲು ಕುಡಿಸಿ, ಪ್ಲೇಟ್‌ಲೆಟ್ ಏರುತ್ತೆ. ಕಾಯಿಸಬೇಡಿ, ಗುಣ ಹೋಗುತ್ತೆ." 2015ರ ಡೆಂಗ್ಯೂ ಹಾವಳಿಯಲ್ಲಿ ಈ ಹಾಲಿನ ಬೆಲೆ ಗಗನಕ್ಕೇರಿತ್ತು. ರೋಗದ ಭಯ ಇಲ್ಲವೇ ಎಂದು ಕೇಳಿದರೆ ಮಾರುವವರ ಬಾಯಲ್ಲಿ ಸಿದ್ಧ ಉತ್ತರ: "ಬಕ್ರಿ ಕೋ ಟೀಬಿ ನಹೀ ಹೋತಾ ಜೀ. ಔರ್ ಟೆಸ್ಟ್ ಭೀ ಹೋ ಗಯಾ."

ಈ ಎರಡು ಮಾತನ್ನೂ ಸ್ವಲ್ಪ ಪರೀಕ್ಷಿಸೋಣ.

*ಆಡಿಗೆ ಕ್ಷಯ ಬರುವುದಿಲ್ಲವೇ?*

ಬರುತ್ತದೆ. ಆಡು ಮುಟ್ಟದ ಸೊಪ್ಪಿಲ್ಲ, ಹಾಗಾಗಿ ಅದರ ಹಾಲೇ ಔಷಧ ಎಂದು ನಮ್ಮ ಹಿರಿಯರೂ ನಂಬಿದ್ದರು. ಆದರೆ ದನಗಳಿಗೆ ಕ್ಷಯ ತರುವ ಮೈಕೋಬ್ಯಾಕ್ಟೀರಿಯಂ ಬೋವಿಸ್ ಆಡಿಗೂ ತಗಲುತ್ತದೆ. ಅದು ಹಸಿ ಹಾಲಿನ ಮೂಲಕ ಮನುಷ್ಯರಿಗೂ ಬರಬಹುದು. ಹೊರಗಿಂದ ಆಡು ಚೆನ್ನಾಗಿಯೇ ಕಾಣಬಹುದು.

*ಟೆಸ್ಟ್ ಅಂದರೆ ಏನು?*

ಪಶುವೈದ್ಯರು ಆಡಿನ ಕುತ್ತಿಗೆಯ ಕೂದಲು ಬೋಳಿಸಿ, ಚರ್ಮದ ದಪ್ಪ ಅಳೆದು, ಟ್ಯೂಬರ್ಕುಲಿನ್ ಚುಚ್ಚುತ್ತಾರೆ. 72 ಗಂಟೆ ಬಿಟ್ಟು ಮತ್ತೆ ಅಳೆಯುತ್ತಾರೆ. ಊತ ಹೆಚ್ಚಿದ್ದರೆ ಅನುಮಾನ. ಮನುಷ್ಯರಿಗೆ ಮಾಡುವ ಮಾಂಟೂ ಪರೀಕ್ಷೆಯ ತರಹವೇ. ಒಂದೇ ದಿನದಲ್ಲಿ "ಟೆಸ್ಟ್ ಆಯ್ತು" ಅಂದರೆ ಅದು ಈ ಪರೀಕ್ಷೆಯಲ್ಲ. ಗಾಮಾ ಇಂಟರ್‌ಫೆರಾನ್ ಎಂಬ ರಕ್ತಪರೀಕ್ಷೆಯೂ ಇದೆ, ಅದಕ್ಕೆ ಪ್ರಯೋಗಾಲಯ ಬೇಕು.

*ಎಷ್ಟು ನಂಬಬಹುದು?*

ಎರಡು ಕಡೆಯೂ ತಪ್ಪಾಗುತ್ತದೆ.

👉 *ರೋಗವಿದ್ದೂ "ಇಲ್ಲ" ಎನ್ನುವುದು:* ಸೋಂಕು ತೀರಾ ಹೊಸದಾಗಿದ್ದರೆ, ಅಥವಾ ರೋಗ ತುಂಬಾ ಬಲಿತು ಆಡಿನ ಶಕ್ತಿ ಉಡುಗಿದ್ದರೆ ಊತ ಬಾರದೇ ಇರಬಹುದು.

👉 *ರೋಗವಿಲ್ಲದೆ "ಇದೆ" ಎನ್ನುವುದು:* ಆಡುಗಳಿಗೆ ಜೋನ್ಸ್ ಎಂಬ ಕರುಳಿನ ಕಾಯಿಲೆ ಬರುತ್ತದೆ. ಅದರ ರೋಗಾಣು ಕ್ಷಯದ ರೋಗಾಣುವಿನ ದಾಯಾದಿ, ಹಾಗಾಗಿ ಪರೀಕ್ಷೆ ಮೋಸಹೋಗುತ್ತದೆ. (ಮಥುರಾ ಬಳಿಯ ಮಖ್ದೂಮ್‌ನ ಕೇಂದ್ರೀಯ ಆಡು ಸಂಶೋಧನಾ ಸಂಸ್ಥೆ ಈ ಕಾಯಿಲೆಯ ಮೇಲೆ ವರ್ಷಗಳಿಂದ ಕೆಲಸ ಮಾಡುತ್ತಿದೆ.) ಇದನ್ನು ಬೇರ್ಪಡಿಸಲೆಂದೇ ಹಕ್ಕಿ ಜಾತಿಯ ಟ್ಯೂಬರ್ಕುಲಿನ್ ಅನ್ನೂ ಪಕ್ಕದಲ್ಲಿ ಚುಚ್ಚಿ ಎರಡು ಊತ ಹೋಲಿಸುತ್ತಾರೆ.

ಒಂದು ಲೆಕ್ಕ ನೋಡಿ. ಸಂಖ್ಯೆಗಳು ಉದಾಹರಣೆಗೆ ಮಾತ್ರ. 1000 ಆಡುಗಳಲ್ಲಿ 20ಕ್ಕೆ ರೋಗವಿದೆ. ಪರೀಕ್ಷೆ ರೋಗವಿರುವ 100ರಲ್ಲಿ 80 ಹಿಡಿಯುತ್ತದೆ, ಆರೋಗ್ಯವಾಗಿರುವ 100ರಲ್ಲಿ 5ನ್ನು ತಪ್ಪಾಗಿ ಹಿಡಿಯುತ್ತದೆ ಎಂದುಕೊಳ್ಳಿ. ಆಗ 16 ರೋಗಿಗಳ ಜೊತೆ 49 ಆರೋಗ್ಯವಂತ ಆಡುಗಳೂ ಸಿಕ್ಕಿಬೀಳುತ್ತವೆ. 4 ರೋಗದ ಆಡುಗಳು "ಪಾಸ್" ಆಗಿ ಹಾಲು ಕೊಡುತ್ತಲೇ ಇರುತ್ತವೆ!

ಅದಕ್ಕೇ ಈ ಪರೀಕ್ಷೆ ಇಡೀ ಮಂದೆಯ ಸ್ಥಿತಿ ತಿಳಿಯಲು ಒಳ್ಳೆಯದು. ನಿಮ್ಮ ಲೋಟದ ಹಾಲಿಗೆ ಅದು ಗ್ಯಾರಂಟಿ ಅಲ್ಲ.

*ನಾವು ಏನು ಮಾಡಬೇಕು?*

✅ ಯಾವ ಹಾಲಾದರೂ ಉಕ್ಕು ಬರುವ ತನಕ ಕಾಯಿಸಿ. 72 ಡಿಗ್ರಿಯಲ್ಲಿ 15 ಸೆಕೆಂಡ್ ಇಡುವ ಪಾಶ್ಚರೀಕರಣದಲ್ಲೇ ಈ ರೋಗಾಣು ಸಾಯುತ್ತದೆ, ಕುದಿದರೆ ಉಳಿಯುವ ಮಾತೇ ಇಲ್ಲ. ಹಸಿ ಆಡಿನ ಹಾಲಿನಿಂದ ಬರುವ ಬ್ರುಸೆಲ್ಲಾ ಜ್ವರದ ಭಯವೂ ಇದರಿಂದ ಹೋಗುತ್ತದೆ.

✅ ಡೆಂಗ್ಯೂಗೆ ಆಡಿನ ಹಾಲು ಔಷಧ ಎನ್ನಲು ಗಟ್ಟಿ ಪುರಾವೆ ಇಲ್ಲ. ನೀರು, ಗಂಜಿ, ಎಳನೀರು ಕೊಡಿ, ವೈದ್ಯರಿಗೆ ತೋರಿಸಿ. ಜ್ವರದಿಂದ ಸೊರಗಿದವರಿಗೆ, ಮಕ್ಕಳಿಗೆ, ಬಸುರಿಯರಿಗೆ ಹಸಿ ಹಾಲು ಬೇಡವೇ ಬೇಡ.

✅ ಈಗಾಗಲೇ ಹಸಿ ಹಾಲು ಕುಡಿದಿದ್ದರೆ ಗಾಬರಿ ಬೇಡ. ಮನುಷ್ಯರ ಕ್ಷಯ ಬಹುಪಾಲು ಕೆಮ್ಮಿನಿಂದಲೇ ಹರಡುವುದು. ಆದರೆ ಮುಂದೆ ಕುತ್ತಿಗೆಯಲ್ಲಿ ಗಂಟು, ಬಿಡದ ಜ್ವರ, ಹೊಟ್ಟೆನೋವು, ತೂಕ ಇಳಿಕೆ ಕಂಡರೆ ವೈದ್ಯರಿಗೆ ಹಸಿ ಹಾಲಿನ ವಿಷಯ ಹೇಳಿ. ಬೋವಿಸ್ ರೋಗಾಣುವಿಗೆ ಪೈರಾಜಿನಮೈಡ್ ಎಂಬ ಮಾತ್ರೆ ನಾಟುವುದಿಲ್ಲ, ಹಾಗಾಗಿ ಈ ಮಾಹಿತಿ ಅವರಿಗೆ ಬೇಕಾಗುತ್ತದೆ. ಸರ್ಕಾರದ ಉಚಿತ ಕ್ಷಯ ಸಹಾಯವಾಣಿ: 1800-11-6666.

ಊರಿಂದ ಬಂದ ಅತ್ತೆ-ಮಾವನಿಗೆ, ಪಿ.ಜಿ.ಯಲ್ಲಿರುವ ನಮ್ಮ ಹುಡುಗರಿಗೆ ಇದನ್ನು ಕಳಿಸಿ. ಹಾಲು ಕಾಯಿಸಲು ಐದು ನಿಮಿಷ ಸಾಕು, ಕ್ಷಯದ ಮಾತ್ರೆ ನುಂಗಲು ಕಡಿಮೆಯೆಂದರೂ ಆರು ತಿಂಗಳು ಬೇಕು.