ಪತ್ರದಲ್ಲಿ ಬಂದ ತೇಪೆ

ಶಹಾಬಾದಿನ ಸಮೀಪದ ಭಂಕೂರದ ವಿದ್ಯಾರ್ಥಿಯೊಬ್ಬನು, ದೂರದೇಶದವರು ನೋಡಿಕೊಳ್ಳುತ್ತಿರುವ ಗಣಕ ಪ್ರೋಗ್ರಾಮೊಂದರೊಳಗಿನ ಊರುಗಳ ಪಟ್ಟಿಯಲ್ಲಿ ತನ್ನ ಊರಿನ ಹೆಸರನ್ನು ತಿದ್ದಬಯಸಿದನೆಂದು ಭಾವಿಸೋಣ. ಅವನು ಇಡೀ ಪಟ್ಟಿಯನ್ನು ಕಳುಹಿಸಬೇಕಾಗಿಲ್ಲ. ತಿದ್ದಿದ ಭಾಗವನ್ನಷ್ಟೇ ಇ-ಮೇಲಿನಲ್ಲಿ ಕಳುಹಿಸಿದರೆ ಸಾಕು. ಇದೇ ‘ಪ್ಯಾಚ್’, ಎಂದರೆ ತೇಪೆ. ಲಿನಕ್ಸ್ ಕರ್ನೆಲ್ ಇಂದಿಗೂ ಬಹುಮಟ್ಟಿಗೆ ಬೆಳೆಯುತ್ತಿರುವುದು ಇಂತಹ ಪತ್ರಗಳಿಂದಲೇ.

ತೇಪೆಯಲ್ಲಿ ಅಳಿಸತಕ್ಕ ಸಾಲಿನ ಮುಂದೆ ‘-’, ಸೇರಿಸತಕ್ಕ ಸಾಲಿನ ಮುಂದೆ ‘+’ ಇರುತ್ತವೆ. ಸ್ಥಳದ ಗುರುತಿಗಾಗಿ ಸಾಮಾನ್ಯವಾಗಿ ಹಿಂದೆ ಮೂರು, ಮುಂದೆ ಮೂರು ಸಾಲುಗಳನ್ನು ಬದಲಿಸದೆ ಕೊಡುತ್ತಾರೆ. ಒಟ್ಟು ಎಷ್ಟು ಸಾಲುಗಳೆಂಬ ಲೆಕ್ಕ ಮೇಲ್ಗಡೆಯಿರುತ್ತದೆ. ದಾರಿಯಲ್ಲಿ ಅಂಚೆಯ ತಂತ್ರಾಂಶವು ಉದ್ದವಾದ ಸಾಲೊಂದನ್ನು ಎರಡಾಗಿ ಮುರಿದರೆ ಈ ಲೆಕ್ಕ ತಪ್ಪುತ್ತದೆ; ಯಂತ್ರವು ತೇಪೆ ಕೆಟ್ಟಿದೆಯೆಂದು ಹೇಳಿ ನಿಲ್ಲುತ್ತದೆ. ಇದು ಸುಲಭದ ಸಂಗತಿ. ಕೆಟ್ಟದ್ದು ಕೆಟ್ಟಂತೆ ಕಾಣದಿದ್ದಾಗಲೇ ಕಷ್ಟ.

1985ರಲ್ಲಿ ಲ್ಯಾರಿ ವಾಲ್ ರಚಿಸಿದ ‘ಪ್ಯಾಚ್’ ಎಂಬ ಪ್ರೋಗ್ರಾಮು ಉದಾರಿ. ಗುರುತಿನ ಸಾಲುಗಳು ಪೂರ್ತಿ ಹೊಂದದಿದ್ದರೆ ತುದಿಗಳ ಎರಡೆರಡು ಸಾಲುಗಳವರೆಗೆ ಬಿಟ್ಟು, ಉಳಿದುದು ಹೊಂದುವ ಕಡೆ ತೇಪೆ ಹಾಕುತ್ತದೆ. ಒಂದೇ ತೆರನ ಸಾಲುಗಳು ಹಲವೆಡೆ ಇದ್ದರೆ ತೇಪೆ ತಪ್ಪು ಜಾಗಕ್ಕೆ ಬಿದ್ದೀತು, ಯಾರಿಗೂ ತಿಳಿಯದೆ! ಲೈನಸ್ ಟೊರ್ವಾಲ್ಡ್ಸ್ 2005ರಲ್ಲಿ ಆರಂಭಿಸಿದ ‘ಗಿಟ್’ ಸಾಲು ಕೆಳಗೆ ಮೇಲೆ ಸರಿದಿದ್ದರೆ ಹುಡುಕಿಕೊಳ್ಳುತ್ತದೆ. ಗುರುತೇ ಹೊಂದದಿದ್ದರೆ, ಬೇರೆ ಅಪ್ಪಣೆಯಿಲ್ಲದೆ, ಮುಂದುವರಿಯುವುದಿಲ್ಲ. ನಮಗೆ ಈ ಹಟವೇ ಮೆಚ್ಚುಗೆ.

ಆದರೆ ಗಿಟ್ಟೂ ಮೋಸಹೋಗುತ್ತದೆ. ಪತ್ರದ ಒಕ್ಕಣೆ ಎಲ್ಲಿ ಮುಗಿಯಿತು, ತೇಪೆ ಎಲ್ಲಿ ಮೊದಲಾಯಿತು? ಬರಿಯ ಮೂರು ಅಡ್ಡಗೆರೆಗಳ ಸಾಲನ್ನೋ ‘ಡಿಫ್ -’ ಎಂದು ತೊಡಗುವ ಸಾಲನ್ನೋ ಕಂಡೊಡನೆ ಅದು ಒಕ್ಕಣೆ ಮುಗಿಯಿತೆಂದು ತಿಳಿಯುತ್ತದೆ. ನಮ್ಮ ವಿದ್ಯಾರ್ಥಿ ವಿವರಣೆಗೆಂದು ಹಳೆಯ ತೇಪೆಯೊಂದನ್ನು ಒಕ್ಕಣೆಯಲ್ಲಿ ಉದಾಹರಿಸಿದರೆ, ಉದಾಹರಣೆಯೇ ಆಜ್ಞೆಯಾದೀತು. ಅದನ್ನು ಅಂಚಿನಿಂದ ಒಳಸರಿಸಿ ಬರೆದರೆ ಗಿಟ್ ಅದನ್ನು ಮಾತೆಂದೇ ಬಗೆಯುತ್ತದೆ. ಗ್ನೂ ಸಂಸ್ಥೆಯ ‘ಪ್ಯಾಚ್’ ಆದರೋ ಒಳಸರಿದ ತೇಪೆಯನ್ನೂ ಗುರುತಿಸುತ್ತದೆ. ಪತ್ರವೊಂದೇ, ಓದುಗರಿಬ್ಬರ ಅರ್ಥ ಬೇರೆ. ದುರುದ್ದೇಶದವರಿಗೆ ಇಂತಹ ಸಂದುಗಳೇ ಸಾಕು: ಹಳೆಯ ಮಾದರಿಯ ತೇಪೆಯೊಳಗೆ ಅಡಗಿಸಿದ ಆಜ್ಞೆಗಳನ್ನು ಗ್ನೂ ‘ಪ್ಯಾಚ್’ ನಡೆಸಿಬಿಡಬಲ್ಲುದೆಂಬ ದೋಷ 2018ರಲ್ಲಿ ಬಯಲಾಯಿತು.

ಇನ್ನು ಕನ್ನಡದ್ದೇ ಒಂದು ತೊಡಕು. ಭಂಕೂರದ ಹಿಂದುಮುಂದಿನ ಸಾಲುಗಳಲ್ಲಿ ಸೇಡಂ, ಚಿಂಚೋಳಿ ಎಂದಿದೆಯೆನ್ನೋಣ. ಯೂನಿಕೋಡಿನಲ್ಲಿ ‘ಸೇ’ಯ ಏತ್ವವನ್ನು ಒಂದೇ ಚಿಹ್ನೆಯಾಗಿ ಬರೆಯಬಹುದು, ಎತ್ವ ಮತ್ತು ದೀರ್ಘಗಳೆಂದು ಬಿಡಿಸಿಯೂ ಬರೆಯಬಹುದು. ‘ಚೋ’ದ ಓತ್ವವನ್ನು ಮೂರಾಗಿ ಬಿಡಿಸಬಹುದು. ಯುಟಿಎಫ್-8 ಕ್ರಮದಲ್ಲಿ ಕೂಡಿಸಿ ಬರೆದ ಓತ್ವಕ್ಕೆ 3 ಬೈಟುಗಳು, ಬಿಡಿಸಿದ್ದಕ್ಕೆ 9. ಎರಡೂ ಸಮಾನವೆಂದು ಯೂನಿಕೋಡ್ ಸಾರುತ್ತದೆ, ಕಣ್ಣಿಗೂ ಒಂದೇ. ಬೈಟುಗಳನ್ನು ಹೋಲಿಸುವ ಗಿಟ್ಟಿಗೆ ಮಾತ್ರ ಬೇರೆ ಬೇರೆ. ಈ ಎರಡು ಹೆಸರುಗಳೂ ತೇಪೆಯ ತುದಿಗಳಲ್ಲಿದ್ದರೆ ಉದಾರಿಯಾದ ‘ಪ್ಯಾಚ್’ ಅವನ್ನು ಬಿಟ್ಟು ಸರಿಯಾದ ಜಾಗಕ್ಕೇ ತೇಪೆ ಹಾಕೀತು ಎಂಬುದನ್ನು ನಾವು ಒಪ್ಪಲೇಬೇಕು. ಗಿಟ್ ನಿಂತುಬಿಡುತ್ತದೆ. ವಿದ್ಯಾರ್ಥಿ ಎರಡು ಪಟ್ಟಿಗಳನ್ನೂ ಎದುರಿಗಿಟ್ಟು ಅಕ್ಷರವಕ್ಷರವಾಗಿ ನೋಡಿದರೂ ವ್ಯತ್ಯಾಸ ಕಾಣದು. ಬೈಟುಗಳನ್ನೇ ಎಣಿಸಿ ನೋಡಿದಾಗ ತಿಳಿಯುತ್ತದೆ.