ನಾಲ್ಕು ಸರದಿಗಳಿಗೆ ಒಬ್ಬ ಓಟಗಾರ

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಎದುರಾಳಿಗಳ ನಡುವೆ ನುಗ್ಗುವ ಆಟಗಾರನೇ ರನ್ನಿಂಗ್ ಬ್ಯಾಕ್. ಹನ್ನೊಂದು ಜನರ ತಂಡಕ್ಕೆ ಹತ್ತು ಯಾರ್ಡ್ ಮುಂದೆ ಸಾಗಲು ನಾಲ್ಕು ಅವಕಾಶಗಳಿರುತ್ತವೆ. ಪ್ರತಿ ಅವಕಾಶದಲ್ಲೂ ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಮುಂದಕ್ಕೆ ಎಸೆಯಬಹುದು, ಇಲ್ಲವೇ ರನ್ನಿಂಗ್ ಬ್ಯಾಕ್‌ನ ಕೈಗಿತ್ತು ಓಡಿಸಬಹುದು. ಒಂದು ಕಾಲಕ್ಕೆ ಈ ಓಟಗಾರನೇ ತಂಡದ ಮುಖವಾಗಿದ್ದ. ಎಸೆತದ ಆಟ ಬೆಳೆದ ಹಾಗೆ ಅವನ ಬೆಲೆ ಇಳಿಯಿತು. 2013, 2014, 2022 ಮತ್ತು 2024ರಲ್ಲಿ, ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲಿ ಒಬ್ಬ ರನ್ನಿಂಗ್ ಬ್ಯಾಕ್‌ನನ್ನೂ ಯಾವ ತಂಡವೂ ಆರಿಸಲಿಲ್ಲ. ಹೀಗಿರುವಾಗ ಹೆಸರಾಂತ ಓಟಗಾರನೊಬ್ಬ ತಂಡ ಬದಲಿಸಿದರೆ ಅಭಿಮಾನಿಗಳಲ್ಲಿ ವಾದ ಏಳದೆ ಇರುವುದಿಲ್ಲ. ಇಂಥವನಿಗೆ ಅಷ್ಟು ಕೊಡಬೇಕಿತ್ತೇ ಎಂಬುದು ಒಂದು ಕಡೆಯವರ ಪ್ರಶ್ನೆ. ಇಂಥವನನ್ನು ಇಷ್ಟಕ್ಕೇ ಬಿಡಬೇಕಿತ್ತೇ ಎಂಬುದು ಇನ್ನೊಂದು ಕಡೆಯವರದು.

ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಟ್ರೇಡ್ ಎಂದರೆ ಹಣ ಕೊಟ್ಟು ಕೊಳ್ಳುವುದಲ್ಲ. ಆಟಗಾರನಿಗೆ ಬದಲಾಗಿ ಇನ್ನೊಬ್ಬ ಆಟಗಾರನನ್ನೋ ಡ್ರಾಫ್ಟ್‌ನ ಸರದಿಯನ್ನೋ ಕೊಡಬೇಕು. ಕಾಲೇಜು ಆಟದಿಂದ ಬರುವ ಯುವಕರನ್ನು 32 ತಂಡಗಳು ಪ್ರತಿ ವರ್ಷ ಏಳು ಸುತ್ತುಗಳಲ್ಲಿ ಆರಿಸಿಕೊಳ್ಳುತ್ತವೆ. ಹಿಂದಿನ ಋತುವಿನಲ್ಲಿ ಕೊನೆಗೆ ನಿಂತ ತಂಡಕ್ಕೆ ಮೊದಲ ಸರದಿ. ಹಾಗೆ ಸಿಗುವ ಹುಡುಗ ನಾಲ್ಕು ವರ್ಷ ಕಡಿಮೆ ಸಂಬಳಕ್ಕೆ ಆಡುವುದರಿಂದ ಸರದಿಯೇ ಒಂದು ಆಸ್ತಿ. 1990ರ ದಶಕದ ಆರಂಭದಲ್ಲಿ ಡಲ್ಲಾಸ್ ಕೌಬಾಯ್ಸ್ ತಂಡ ಪ್ರತಿ ಸರದಿಗೂ ಅಂಕ ಗೊತ್ತುಮಾಡಿ ಪಟ್ಟಿಯೊಂದನ್ನು ಸಿದ್ಧಪಡಿಸಿತು. ಅದರಲ್ಲಿ ಮೊಟ್ಟಮೊದಲ ಸರದಿಗೆ 3000 ಅಂಕ. ಮುಂದಕ್ಕೆ ಹೋದಂತೆ ಅಂಕ ಕರಗುತ್ತದೆ. ಇದರ ಜೊತೆಗೆ ಸಂಬಳದ ಮಿತಿಯೂ ಇದೆ. ಐಪಿಎಲ್ ಹರಾಜಿನಲ್ಲಿ ತಂಡಗಳ ಖರ್ಚಿಗೆ ಕಟ್ಟು ಇರುವಂತೆ, 2022ರಲ್ಲಿ ಪ್ರತಿ ಎನ್‌ಎಫ್‌ಎಲ್ ತಂಡದ ಮಿತಿ 20.82 ಕೋಟಿ ಡಾಲರ್ ಆಗಿತ್ತು. ಒಬ್ಬನಿಗೆ ಹೆಚ್ಚು ಕೊಟ್ಟರೆ ಇನ್ನೊಬ್ಬನಿಗೆ ಕೊಡಲು ಅಷ್ಟು ಕಡಿಮೆ ಉಳಿಯುತ್ತದೆ.

ರನ್ನಿಂಗ್ ಬ್ಯಾಕ್‌ಗೆ ದೊಡ್ಡ ಬೆಲೆ ಸಲ್ಲದು ಎನ್ನುವವರ ಬಳಿ ಗಟ್ಟಿಯಾದ ಉದಾಹರಣೆಗಳಿವೆ. 1989ರ ಅಕ್ಟೋಬರ್‌ನಲ್ಲಿ ಡಲ್ಲಾಸ್ ತನ್ನ ಹರ್ಷೆಲ್ ವಾಕರ್‌ನನ್ನು ಮಿನೆಸೋಟ ವೈಕಿಂಗ್ಸ್‌ಗೆ ಬಿಟ್ಟುಕೊಟ್ಟಿತು. ಹಿಂದಿನ ಋತುವಿನಲ್ಲಿ ಆತ 1514 ಯಾರ್ಡ್ ಓಡಿದ್ದ. ಬದಲಿಗೆ ಡಲ್ಲಾಸ್‌ಗೆ ಐವರು ಆಟಗಾರರೂ ಸಾಲು ಸಾಲು ಸರದಿಗಳೂ ಸಿಕ್ಕವು. ಆ ವರ್ಷ 16 ಪಂದ್ಯಗಳಲ್ಲಿ ಒಂದನ್ನಷ್ಟೇ ಗೆದ್ದ ತಂಡ ಆ ಬಂಡವಾಳದ ಮೇಲೆ ಹೊಸದಾಗಿ ಕಟ್ಟಿಕೊಂಡು 1992, 1993 ಮತ್ತು 1995ರ ಋತುಗಳಲ್ಲಿ ಲೀಗ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಗೆದ್ದಿತು. ವಾಕರ್ ಮಿನೆಸೋಟದಲ್ಲಿ ಒಂದು ಋತುವಿನಲ್ಲೂ ಸಾವಿರ ಯಾರ್ಡ್ ಓಡಲಿಲ್ಲ. 2012ರ ಡ್ರಾಫ್ಟ್‌ನಲ್ಲಿ ಮೂರನೆಯವನಾಗಿ ಆಯ್ಕೆಯಾಗಿದ್ದ ಟ್ರೆಂಟ್ ರಿಚರ್ಡ್‌ಸನ್‌ಗಾಗಿ ಇಂಡಿಯಾನಾಪೊಲಿಸ್ ಕೋಲ್ಟ್ಸ್ ಮರುವರ್ಷವೇ ಮೊದಲ ಸುತ್ತಿನ ಸರದಿಯನ್ನು ತೆತ್ತಿತು. ಅಲ್ಲಿ ಆ ಋತುವಿನಲ್ಲಿ ಅವನ ಸರಾಸರಿ ಒಂದು ಓಟಕ್ಕೆ 2.9 ಯಾರ್ಡ್ ಮಾತ್ರ.

ಇನ್ನೂ ಬಲವಾದ ವಾದ ಡೆನ್ವರ್ ಬ್ರಾಂಕೋಸ್‌ನಿಂದ ಬಂದದ್ದು. ಅಲ್ಲಿ ತರಬೇತುದಾರ ಮೈಕ್ ಶನಹಾನ್ ಮುಂಚೂಣಿಯ ಆಟಗಾರರನ್ನೆಲ್ಲ ಒಟ್ಟಿಗೆ ಒಂದೇ ದಿಕ್ಕಿಗೆ ಸರಿಸಿ ಓಟಕ್ಕೆ ದಾರಿ ತೆರೆಯುವ ಪದ್ಧತಿಯನ್ನು ರೂಢಿಸಿದ್ದರು. ಆರನೇ ಸುತ್ತಿನಲ್ಲಿ ಸಿಕ್ಕ ಟೆರೆಲ್ ಡೇವಿಸ್ 1998ರಲ್ಲಿ 2008 ಯಾರ್ಡ್ ಓಡಿದ. ಅವನು ಗಾಯಗೊಂಡಾಗ ಒಲಾಂಡಿಸ್ ಗ್ಯಾರಿ, ಅವನ ಬಳಿಕ ಮೈಕ್ ಆಂಡರ್‌ಸನ್, ಇಬ್ಬರೂ ತಮ್ಮ ಮೊದಲ ಋತುವಿನಲ್ಲೇ ಸಾವಿರ ದಾಟಿದರು. 2004ರಲ್ಲಿ ಡೆನ್ವರ್ ತನ್ನ ತಾರೆ ಕ್ಲಿಂಟನ್ ಪೋರ್ಟಿಸ್‌ನನ್ನು ವಾಷಿಂಗ್ಟನ್‌ಗೆ ಕೊಟ್ಟು ರಕ್ಷಣಾ ಆಟಗಾರ ಚಾಂಪ್ ಬೇಲಿಯನ್ನೂ ಎರಡನೇ ಸುತ್ತಿನ ಒಂದು ಸರದಿಯನ್ನೂ ಪಡೆಯಿತು. ಪೋರ್ಟಿಸ್‌ನ ಸರಾಸರಿ 5.5 ಯಾರ್ಡ್‌ನಿಂದ 3.8ಕ್ಕೆ ಕುಸಿಯಿತು. ಡೆನ್ವರ್‌ನಲ್ಲಿ ಅವನ ಜಾಗಕ್ಕೆ ಬಂದ ರೂಬೆನ್ ಡ್ರೌನ್ಸ್ ಅದೇ ವರ್ಷ 1240 ಯಾರ್ಡ್ ಓಡಿದ. ಓಟದ ಶ್ರೇಯಸ್ಸು ಓಡಿದವನಿಗಿಂತ ದಾರಿ ಮಾಡಿಕೊಟ್ಟವರಿಗೇ ಹೆಚ್ಚು ಸಲ್ಲಬೇಕು ಎಂಬ ಮಾತು ಇಂಥ ಅನುಭವಗಳಿಂದ ಬೇರೂರಿತು.

ಮೈಕ್ ಶನಹಾನ್ ಅವರ ಮಗ ಕೈಲ್ ಶನಹಾನ್ ತಂದೆಯ ಪದ್ಧತಿಯನ್ನೇ ಬೆಳೆಸಿದವರು. ಅವರು ನಡೆಸುವ ಸ್ಯಾನ್‌ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್ ತಂಡದಲ್ಲಿ, ಡ್ರಾಫ್ಟ್‌ನಲ್ಲಿ ಯಾರೂ ಆರಿಸದಿದ್ದ ರಹೀಮ್ ಮೋಸ್ಟರ್ಟ್ 2020ರ ಜನವರಿಯ ಒಂದೇ ಪ್ಲೇಆಫ್ ಪಂದ್ಯದಲ್ಲಿ 220 ಯಾರ್ಡ್ ಓಡಿದ್ದ. ಆರನೇ ಸುತ್ತಿನ ಎಲೈಜಾ ಮಿಚೆಲ್ 2021ರಲ್ಲಿ 963 ಯಾರ್ಡ್ ಗಳಿಸಿದ್ದ. ಅಂಥ ತಂಡವೇ 2022ರ ಅಕ್ಟೋಬರ್ 20ರಂದು ಕ್ಯಾರೊಲಿನಾ ಪ್ಯಾಂಥರ್ಸ್‌ನ ಕ್ರಿಶ್ಚಿಯನ್ ಮೆಕ್ಯಾಫ್ರಿಗಾಗಿ 2023ರ ಎರಡು, ಮೂರು ಮತ್ತು ನಾಲ್ಕನೇ ಸುತ್ತಿನ ಸರದಿಗಳನ್ನೂ 2024ರ ಐದನೇ ಸುತ್ತಿನ ಒಂದು ಸರದಿಯನ್ನೂ ಕೊಟ್ಟಿತು. 2023ರ ಮೊದಲ ಸುತ್ತಿನ ಸರದಿ ಅದಕ್ಕೂ ಮೊದಲೇ ಬೇರೊಂದು ಟ್ರೇಡ್‌ನಲ್ಲಿ ಕೈಬಿಟ್ಟಿತ್ತು. ಮೆಕ್ಯಾಫ್ರಿ ಹಿಂದಿನ ಎರಡು ಋತುಗಳಲ್ಲಿ ಗಾಯದಿಂದಾಗಿ ಆಡಿದ್ದು ಹತ್ತೇ ಪಂದ್ಯ. ಆದರೆ ಅವನು ಬರೀ ಓಟಗಾರನಲ್ಲ. 2019ರಲ್ಲಿ ಓಟದಿಂದ 1387, ಎಸೆತ ಹಿಡಿದು 1005 ಯಾರ್ಡ್ ಗಳಿಸಿ, ಒಂದೇ ಋತುವಿನಲ್ಲಿ ಎರಡರಲ್ಲೂ ಸಾವಿರ ಮುಟ್ಟಿದ ಮೂರನೆಯ ಆಟಗಾರನಾಗಿದ್ದ.

ಅಕ್ಟೋಬರ್ 30ರಂದು ಲಾಸ್ ಏಂಜಲೀಸ್ ರಾಮ್ಸ್ ವಿರುದ್ಧದ ಪಂದ್ಯ ಹೊಸ ತಂಡಕ್ಕೆ ಅವನ ಎರಡನೆಯದು. ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಅವನತ್ತ ಹಿಮ್ಮುಖವಾಗಿ ತಳ್ಳಿದ. ಅವನು ಓಡುತ್ತಾನೆಂದು ರಕ್ಷಣೆಯವರು ಮುನ್ನುಗ್ಗಿದಾಗ ಅವನೇ 34 ಯಾರ್ಡ್‌ನ ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗೋಲು ಗೆರೆ ದಾಟಿಸಿ ಅಂಕ ಗಳಿಸುವುದು) ಎಸೆದ. ಆಮೇಲೆ ಒಂದು ಟಚ್‌ಡೌನ್ ಹಿಡಿದ, ಇನ್ನೊಂದನ್ನು ಓಡಿ ಗಳಿಸಿದ. ಒಂದೇ ಪಂದ್ಯದಲ್ಲಿ ಈ ಮೂರನ್ನೂ 2005ರ ನಂತರ ಯಾರೂ ಮಾಡಿರಲಿಲ್ಲ. ಏಳು ಪಂದ್ಯಗಳಲ್ಲಿ ಮೂರನ್ನಷ್ಟೇ ಗೆದ್ದಿದ್ದ ತಂಡ ಅಲ್ಲಿಂದ ಋತುವಿನ ಉಳಿದ ಹತ್ತನ್ನೂ ಗೆದ್ದಿತು. 2023ರಲ್ಲಿ ಮೆಕ್ಯಾಫ್ರಿ 1459 ಯಾರ್ಡ್‌ಗಳೊಂದಿಗೆ ಓಟದಲ್ಲಿ ಲೀಗ್‌ಗೇ ಮೊದಲಿಗನಾದ, ವರ್ಷದ ಶ್ರೇಷ್ಠ ಆಕ್ರಮಣ ಆಟಗಾರ ಎಂಬ ಪ್ರಶಸ್ತಿ ಪಡೆದ. ತಂಡ ಸೂಪರ್ ಬೌಲ್ ತಲುಪಿ ಹೆಚ್ಚುವರಿ ಸಮಯದಲ್ಲಿ ಸೋತಿತು.

ಇಷ್ಟಕ್ಕೆ ತೀರ್ಪು ಆಯಿತು ಎನ್ನುವಂತಿಲ್ಲ. ಮೆಕ್ಯಾಫ್ರಿ ಹೋದ ವಾರವೇ ಕ್ಯಾರೊಲಿನಾದಲ್ಲಿ ಡಾಂಟಾ ಫೋರ್‌ಮನ್ 118 ಯಾರ್ಡ್ ಓಡಿ ಟ್ಯಾಂಪಾ ಬೇ ವಿರುದ್ಧ 21–3ರ ಗೆಲುವು ತಂದ. ಡಿಸೆಂಬರ್ 24ರಂದು ಡೆಟ್ರಾಯಿಟ್ ವಿರುದ್ಧ ಆ ತಂಡ ಓಟದಿಂದಲೇ 320 ಯಾರ್ಡ್ ಗಳಿಸಿ ತನ್ನ ದಾಖಲೆಯನ್ನೇ ಮುರಿಯಿತು. ಮೆಕ್ಯಾಫ್ರಿ ಇದ್ದಾಗ ಆರರಲ್ಲಿ ಒಂದು ಪಂದ್ಯ ಗೆದ್ದಿದ್ದ ಪ್ಯಾಂಥರ್ಸ್, ಅವನು ಹೋದ ಮೇಲಿನ ಹನ್ನೊಂದರಲ್ಲಿ ಆರನ್ನು ಗೆದ್ದಿತು. ಫಾರ್ಟಿನೈನರ್ಸ್‌ನ ಗೆಲುವುಗಳಲ್ಲಿ ಅದರ ಬಲಿಷ್ಠ ರಕ್ಷಣಾ ಪಡೆಗೂ, ಡಿಸೆಂಬರ್‌ನಲ್ಲಿ ಹೊಣೆ ಹೊತ್ತ ಹೊಸ ಕ್ವಾರ್ಟರ್‌ಬ್ಯಾಕ್ ಬ್ರಾಕ್ ಪರ್ಡಿಗೂ ಪಾಲಿದೆ. 2024ರ ಜೂನ್‌ನಲ್ಲಿ ತಂಡ ಮೆಕ್ಯಾಫ್ರಿಯ ಒಪ್ಪಂದವನ್ನು ಇನ್ನಷ್ಟು ದೊಡ್ಡ ಮೊತ್ತಕ್ಕೆ ವಿಸ್ತರಿಸಿತು. ಆ ಋತುವಿನಲ್ಲಿ ಅವನು ಗಾಯಗೊಂಡು ನಾಲ್ಕೇ ಪಂದ್ಯ ಆಡಿದ.

ಎರಡೂ ಕಡೆಯವರ ಅಂಕಿಗಳು ನಿಜವೇ. ವಾದ ಮುಗಿಯದಿರುವುದು ಎರಡು ಬೇರೆ ಪ್ರಶ್ನೆಗಳನ್ನು ಒಂದಾಗಿ ಬೆರೆಸುವುದರಿಂದ. ಸಾಧಾರಣ ಓಟ ಯಾರಿಂದ ಬೇಕಾದರೂ ಬರುತ್ತದೆ. ಕೈಗಿತ್ತ ಚೆಂಡನ್ನು ನಾಲ್ಕು ಯಾರ್ಡ್ ಮುಂದೊಯ್ಯಲು ದೊಡ್ಡ ಬೆಲೆ ಕೊಡಬೇಕಿಲ್ಲ. ಕ್ಯಾರೊಲಿನಾದ ಓಟಗಳು ತೋರಿಸಿದ್ದು ಇಷ್ಟನ್ನು. ಆದರೆ ಓಡುವವನೇ ಎಸೆತವನ್ನೂ ಹಿಡಿದರೆ ಮುಂದಿನದು ಓಟವೋ ಎಸೆತವೋ ಎಂದು ಎದುರಾಳಿಗೆ ಊಹಿಸಲಾಗುವುದಿಲ್ಲ. ಆಗ ಅವನು ಚೆಂಡು ಮುಟ್ಟದಿದ್ದಾಗಲೂ ಜೊತೆಯವರಿಗೆ ಜಾಗ ಸಿಗುತ್ತದೆ. ಒಂದು ಓಟಕ್ಕೆ ಎಷ್ಟು ಯಾರ್ಡ್ ಎಂಬ ಸರಾಸರಿ ಈ ಲಾಭವನ್ನು ಅಳೆಯುವುದಿಲ್ಲ.

ತಂಡದ ಸ್ಥಿತಿಯೂ ಬೆಲೆಯ ಒಂದು ಭಾಗ. ಕ್ಯಾರೊಲಿನಾ ತರಬೇತುದಾರನನ್ನು ಋತುವಿನ ಮಧ್ಯದಲ್ಲೇ ತೆಗೆದುಹಾಕಿ ಹೊಸದಾಗಿ ಕಟ್ಟಬೇಕಿದ್ದ ತಂಡ. ಅದು ಗೆಲ್ಲುವ ಹೊತ್ತಿಗೆ ಮೆಕ್ಯಾಫ್ರಿಯ ಒಳ್ಳೆಯ ವರ್ಷಗಳು ಕಳೆದಿರುತ್ತಿದ್ದವು. ಫಾರ್ಟಿನೈನರ್ಸ್‌ಗೆ ಉಳಿದೆಲ್ಲ ಕೈಯಲ್ಲಿತ್ತು, ಗೆಲ್ಲಬೇಕಾದ ಕಾಲ ಅದೇ ಆಗಿತ್ತು. 1989ರಲ್ಲಿ ಮಿನೆಸೋಟ ಕೂಡ ಹಾಗೆಯೇ ಎಣಿಸಿತ್ತು, ಆದರೆ ವಾಕರ್‌ನ ಶೈಲಿಗೆ ಹೊಂದುವ ಆಟ ಅದರ ಬಳಿ ಇರಲಿಲ್ಲ. 2024ರಲ್ಲಿ ನ್ಯೂಯಾರ್ಕ್ ಜಯಂಟ್ಸ್ ಬಿಟ್ಟು, ಟ್ರೇಡ್ ಇಲ್ಲದೆ, ಫಿಲಡೆಲ್ಫಿಯಾ ಈಗಲ್ಸ್ ಸೇರಿದ ಸೇಕ್ವಾನ್ ಬಾರ್ಕ್ಲಿ ಬಲಿಷ್ಠ ಮುಂಚೂಣಿಯ ಹಿಂದೆ 2005 ಯಾರ್ಡ್ ಓಡಿದ. ತಂಡ ಸೂಪರ್ ಬೌಲ್ ಗೆದ್ದಿತು. ಓಟಗಾರನ ಬೆಲೆ ಅವನ ಕಾಲಲ್ಲಿ ಎಷ್ಟಿದೆಯೋ ಅವನು ಸೇರುವ ತಂಡದಲ್ಲೂ ಅಷ್ಟೇ ಇದೆ. ಟ್ರೇಡ್ ಸರಿಯೋ ತಪ್ಪೋ ಎಂದು ಹೇಳುವವರು ಕೊಟ್ಟ ಸರದಿ, ಹೊತ್ತ ಸಂಬಳ, ಆಟಗಾರನ ವಯಸ್ಸು, ತಂಡಕ್ಕಿದ್ದ ಕೊರತೆ ಈ ನಾಲ್ಕನ್ನೂ ಒಟ್ಟಿಗೆ ತೂಗಬೇಕು.