ಹೆಸರಿನಲ್ಲಿ ಉಳಿದ ಶಾಲೆ

ವಿಜಯಪುರದಿಂದ ಸೊಲ್ಲಾಪುರಕ್ಕೆ ಹೋಗುವ ದಾರಿಯಲ್ಲಿ ಝಳಕಿ ಸಿಗುತ್ತದೆ. ಅಲ್ಲಿಂದ ಪೂರ್ವಕ್ಕೆ ಹೊರಳಿ ಇಂಡಿಯನ್ನು ದಾಟಿದರೆ ಕೆಲವೇ ಮೈಲಿಗಳಲ್ಲಿ ಸಾಲೋಟಗಿ. ಜೋಳದ ಹೊಲಗಳು, ಶಿವಯೋಗೀಶ್ವರರ ಗುಡಿ. ನೋಡುವವರಿಗೆ ಇದೂ ಈ ಸೀಮೆಯ ಊರುಗಳಲ್ಲಿ ಒಂದು. ಆದರೆ ಅದರ ಹೆಸರನ್ನು ಸ್ವಲ್ಪ ಬಿಡಿಸಿ ನೋಡಬೇಕು. ಊರಿನ ಪ್ರಾಚೀನ ಹೆಸರು ಪಾವಿಟ್ಟಗೆ. ಅಲ್ಲಿಯ ಶಾಲೆ ಪ್ರಸಿದ್ಧವಾದ ಮೇಲೆ ಅದು ಶಾಲಾಪಾವಿಟ್ಟಗೆಯಾಗಿ, ಜನರ ನಾಲಗೆಯ ಮೇಲೆ ಸವೆದು ಸಾಲೋಟಗಿಯಾಯಿತೆಂದು ವಿದ್ವಾಂಸರು ಹೇಳುತ್ತಾರೆ.

ಈ ಶಾಲೆಯ ಕಥೆಯನ್ನು ಊರಿನ ಕಂಬವೊಂದರ ಮೇಲಿನ ಶಾಸನಗಳು ತಿಳಿಸುತ್ತವೆ. ಕ್ರಿ.ಶ. 945ರಲ್ಲಿ, ಮಾನ್ಯಖೇಟದಿಂದ ರಾಷ್ಟ್ರಕೂಟರ ಮೂರನೆಯ ಕೃಷ್ಣನು ಆಳುತ್ತಿದ್ದಾಗ, ಅವನ ಮಂತ್ರಿ ನಾರಾಯಣನು ಇಲ್ಲಿ ತ್ರೈಪುರುಷ ದೇವರಿಗೆ, ಅಂದರೆ ಬ್ರಹ್ಮ, ವಿಷ್ಣು, ಮಹೇಶ್ವರರಿಗೆ, ಸೇರಿದ ಶಾಲೆಯನ್ನು ಕಟ್ಟಿಸಿದನು. ನಾನಾ ದೇಶಗಳಿಂದ ವಿದ್ಯಾರ್ಥಿಗಳು ಬಂದರು. ಅವರ ವಸತಿಗೆ 27 ಮನೆಗಳು. ನಿರ್ವಾಹಕ್ಕೆ 500 ನಿವರ್ತನ ಭೂಮಿ. ದೀಪದ ಎಣ್ಣೆಗೆ 12, ಉಪಾಧ್ಯಾಯರಿಗೆ 50 ನಿವರ್ತನ.

ಇದಕ್ಕಿಂತಲೂ ಮನಮುಟ್ಟುವ ಏರ್ಪಾಡು ಇನ್ನೊಂದಿದೆ. ಊರಿನ ಬ್ರಾಹ್ಮಣ ಮನೆಗಳಲ್ಲಿ ಮದುವೆಯಾದರೆ ಶಾಲೆಗೆ 5 ನಾಣ್ಯ, ಉಪನಯನಕ್ಕೆ ಎರಡೂವರೆ, ಚೌಲಕ್ಕೆ ಒಂದೂಕಾಲು. ಮನೆಯ ಮಂಗಳಕಾರ್ಯದಲ್ಲಿ ಶಾಲೆಗೂ ಒಂದು ಪಾಲು! ವಿದ್ಯೆಯನ್ನು ಅರಸನ ಔದಾರ್ಯವೊಂದಕ್ಕೇ ಬಿಡದೆ ಊರೂ ಹೊತ್ತುಕೊಂಡಿತು. ಮುಂದೆ ಕಟ್ಟಡ ಕುಸಿದಾಗ ಸಾಮಂತನೊಬ್ಬನು ಅದನ್ನು ಮತ್ತೆ ಎತ್ತಿ ನಿಲ್ಲಿಸಿದನು.

ಹಾಗೆಂದು ನಾವು ಬರಿಯ ಹೆಮ್ಮೆಯಲ್ಲಿ ಮೈಮರೆಯಲಾಗದು. ಅದು ವೈದಿಕ ವಿದ್ಯೆಯ ಶಾಲೆ. ಅದರ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಶಾಲೆಯ ಹೊಲಗಳನ್ನು ಉತ್ತವರ ಮಕ್ಕಳಿಗೆ ಅಕ್ಷರವು ಬಹುಕಾಲ ದೂರವೇ ಉಳಿಯಿತು. ಇಂದು ಅದೇ ಸೀಮೆಯಲ್ಲಿ ಹುಡುಗ ಹುಡುಗಿಯರೆಲ್ಲರೂ ಪಾಟಿಚೀಲ ಹೊತ್ತು ಹೋಗುತ್ತಾರೆ. ಇದು ಆ ಕಾಲಕ್ಕೆ ಇಲ್ಲದಿದ್ದ ಸಂಪತ್ತು.

ಶಾಲೆಯ ವೈಭವ ಅಳಿಯಿತು; ಕಲ್ಲಿನ ಮೇಲಿನ ಅಕ್ಷರ ಮಾತ್ರ ಉಳಿಯಿತು. ಆ ಒಂದು ಕಂಬ ಎಲ್ಲಿಯೋ ಮೆಟ್ಟಿಲಾಗಿಯೋ ಒಗೆಯುವ ಕಲ್ಲಾಗಿಯೋ ಹೋಗಿದ್ದರೆ, ಸಾಲೋಟಗಿ ಎಂಬ ಹೆಸರು ಅರ್ಥವಿಲ್ಲದ ಸದ್ದಾಗಿ ಉಳಿಯುತ್ತಿತ್ತು. ನಮ್ಮ ಊರುಗಳ ಗುಡಿಯಂಗಳದಲ್ಲಿ, ಕೆರೆಯ ಏರಿಯ ಮೇಲೆ ಬರೆಹದ ಕಲ್ಲೊಂದು ಕಂಡರೆ ಅದಕ್ಕೆ ಸುಣ್ಣ ಬಳಿಯುವ ಮುನ್ನ, ಅದನ್ನು ಸರಿಸುವ ಮುನ್ನ, ಓದಬಲ್ಲವರೊಬ್ಬರನ್ನು ಕರೆತಂದು ತೋರಿಸೋಣ. ಯಾವ ಊರಿನ ಹೆಸರಿನಲ್ಲಿ ಯಾವ ಶಾಲೆ ಅಡಗಿದೆಯೋ ಯಾರು ಬಲ್ಲರು?